ಹೆಸರು ಕೂಗುವ ಮೊದಲು

ಸರ್ರ್ ಎಂದಿತು ಏನೋ, ಸಣ್ಣ ತೂತಿನೊಳಗಿಂದ ದಾರವೊಂದು ಹಾದುಹೋದ ಸದ್ದು, ಮತ್ತೊಮ್ಮೆ ಸರ್ರ್, ಈ ಸಲ ಎಳೆದು ಬಿಗಿದದ್ದು, ಕೆಳಗಿನ ಮಂಚದಿಂದ — ಬೂಟಿನ ಲೇಸು, ಬೇರೇನೂ ಅಲ್ಲ, ಬೆಲ್ಟಿನ ಸದ್ದು ಬೇರೆ, ಕಬೋರ್ಡಿನ ಬೀಗದ ಸದ್ದು ಬೇರೆ, ಇಷ್ಟು ವರ್ಷ ಒಬ್ಬನ ನೆತ್ತಿಯ ಮೇಲೆ ಮಲಗಿದವನಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೇ, ಎಮೆಟ್ ಬೂಟು ಕಟ್ಟುತ್ತಿದ್ದಾನೆ, ಭಾನುವಾರ ಬೆಳಿಗ್ಗೆ. ಕಾರ್ಖಾನೆ ಇಲ್ಲ, ಹುಲ್ಲು ಕತ್ತರಿಸುವ ಕೆಲಸವಿಲ್ಲ, ಇಡೀ ಬ್ಲಾಕು ಸ್ನಾನದ ಚಪ್ಪಲಿಯಲ್ಲಿ ಚಪ್ ಚಪ್ ಎಂದು ಓಡಾಡುವ ದಿನ, ಇಂಥ ದಿನ ಈ ಜೈಲಿನಲ್ಲಿ ಬೂಟು ಕಟ್ಟುವವರು ಎರಡೇ ಜಾತಿ, ಭೇಟಿಗೆ ಹೆಸರು ಕೂಗಿಸಿಕೊಂಡವನು ಒಬ್ಬ, ಯಾರದೋ ಹಲ್ಲು ಉದುರಿಸಲು ಹೊರಟವನು ಇನ್ನೊಬ್ಬ, ಚಪ್ಪಲಿ ಹಾಕಿಕೊಂಡು ಹೊಡೆದಾಡಿದರೆ ಸಿಮೆಂಟಿನ ಮೇಲೆ ಕಾಲು ಜಾರುತ್ತದೆ, ಬಿದ್ದವನನ್ನು ಯಾರೂ ಏಳಲು ಬಿಡುವುದಿಲ್ಲ. ಎಮೆಟ್‌ಗೆ ಭೇಟಿ ಎಲ್ಲಿಂದ ಬರಬೇಕು, ಮಿಸೌರಿಯ ಈ ಮುದುಕನನ್ನು ನೋಡಲು ನಾನು ಬಂದಂದಿನಿಂದ ಒಂದು ನೊಣವೂ ಬಂದಿಲ್ಲ. ಹಾಗಾದರೆ ಎರಡನೆಯ ಜಾತಿ, ಹಾಗಾದರೆ ಇವತ್ತೇ, ಎಲ್ಲ ಬಿಟ್ಟು ಇವತ್ತೇ, ನಾನು ಅಲುಗಾಡದೆ ಮಲಗಿದ್ದೇನೆ, ಕಂಬಳಿಯ ಕೆಳಗೆ ನನ್ನ ಕಾಲುಗಳು ಭಾರವಾಗಿವೆ, ಯಾಕೆಂದರೆ ನನ್ನ ಬೂಟುಗಳೂ ನನ್ನ ಕಾಲಿನಲ್ಲೇ ಇವೆ, ಬೆಳಕು ಹರಿಯುವ ಮೊದಲೇ ಎದ್ದು, ಉಸಿರು ಬಿಗಿಹಿಡಿದು ಕಟ್ಟಿಕೊಂಡು, ಕಳ್ಳನ ಹಾಗೆ ಮತ್ತೆ ಕಂಬಳಿಯೊಳಗೆ ಸೇರಿದವನು ನಾನು. ನನ್ನದು ಮೊದಲನೆಯ ಜಾತಿ. ಶೆಲ್ಬಿ ಬರುತ್ತಾಳೆ. ಮಗಳು ಬರುತ್ತಾಳೆ, ಮಗುವನ್ನೂ ಕರೆದುಕೊಂಡು, ಅಪ್ಪಾ ಈ ಭಾನುವಾರ ರಾಬಿ ಊರಲ್ಲಿರಲ್ಲ, ಅವನಿಗೆ ಗೊತ್ತಾಗದ ಹಾಗೆ ಬರ್ತೀನಿ, ಒಂದೇ ಒಂದ್ಸಲ, ಆಮೇಲೆ ಬಾ ಅಂತ ಕೇಳ್ಬೇಡ ನನ್ನ — ಮಧ್ಯದಲ್ಲಿ ಫೋನಿನ ಆ ಯಂತ್ರದ ಹೆಂಗಸು ಬಾಯಿ ಹಾಕಿದಳು, ಈ ಕರೆ ಫೆಡರಲ್ ಜೈಲಿನಿಂದ ಬಂದಿದೆ, ಗೊತ್ತು ಕಣಮ್ಮ, ನಮ್ಮಿಬ್ಬರಿಗೂ ಗೊತ್ತು. ಮಗಳು ಹೇಳಿದ್ದು ಅಷ್ಟೇ. ಗಂಡನಿಗೆ ನನ್ನ ಹೆಸರು ಕೇಳಿದರೆ ಆಗುವುದಿಲ್ಲ, ಆಗದಿರುವುದಕ್ಕೆ ಕಾರಣವೂ ಇದೆ, ಇರಲಿ, ಅವಳು ರಾತ್ರಿಯಿಡೀ ಬೆಟ್ಟದ ದಾರಿಯಲ್ಲಿ ಗಾಡಿ ಓಡಿಸಿಕೊಂಡು ಬರುತ್ತಿದ್ದಾಳೆ, ಹಿಂದಿನ ಸೀಟಿನಲ್ಲಿ ಮಗು ಬಾಯಿ ತೆರೆದು ಮಲಗಿರುತ್ತದೆ, ಇಲ್ಲಿ ಒಬ್ಬನೇ ಒಬ್ಬ ಮೂರ್ಖ ಇನ್ನೊಬ್ಬನ ಮೇಲೆ ಕೈ ಎತ್ತಿದರೆ ಸಾಕು, ಬಾಗಿಲುಗಳೆಲ್ಲ ಬೀಳುತ್ತವೆ, ಭೇಟಿ ರದ್ದು, ಗೇಟಿನಿಂದಲೇ ವಾಪಸ್ಸು. ಕೆಳಗೆ ಮತ್ತೆ ಸರ್ರ್. ಈಗ ಎಡಗಾಲು.

ಒಂದು ಬೂಟಿನ ಮಾತಾಗಿದ್ದರೆ ನಾನು ಹೀಗೆ ಹೆದರುತ್ತಿರಲಿಲ್ಲ, ಒಂದೊಂದೇ ನೆನಪಾಗುತ್ತಿದೆ, ಮೊದಲು ಆ ಕುರ್ಚಿ. ಟೀವಿ ಕೋಣೆಯಲ್ಲಿ ಡೂಲಿಯ ಕುರ್ಚಿ, ಎಡಗೋಡೆಗೆ ಒರಗಿಸಿದ್ದು, ಇಲ್ಲಿ ರಾಜ್ಯಕ್ಕೊಂದು ಊಟದ ಮೇಜು, ನಮ್ಮ ಕೆಂಟಕಿಯವರ ಮೇಜಿಗೆ ಡೂಲಿ ಹಿರಿಯ, ಅವನ ಕುರ್ಚಿಯನ್ನು ಗುಡಿಸುವವನೂ ಮುಟ್ಟುವುದಿಲ್ಲ, ಸುತ್ತ ಗುಡಿಸಿಕೊಂಡು ಹೋಗುತ್ತಾನೆ, ಅದನ್ನು ಒಹಾಯೊದವರಲ್ಲಿ ಯಾವನೋ ಹೊಸಬ ಎಳೆದು ಕಿಟಕಿಯ ಹತ್ತಿರ ಹಾಕಿಕೊಂಡು ಕೂತ, ಡೂಲಿ ಬಂದು ನೋಡಿದ, ಏನೂ ಹೇಳಲಿಲ್ಲ, ನಿಂತುಕೊಂಡೇ ಇಡೀ ಫುಟ್ಬಾಲ್ ಆಟ ನೋಡಿ ಹೋದ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವತ್ತಿನಿಂದ ಎರಡು ಮೇಜುಗಳ ನಡುವೆ ಉಪ್ಪಿನ ಡಬ್ಬಿ ಕೂಡ ಆಚೀಚೆ ಹೋಗಿಲ್ಲ. ಎಮೆಟ್ ಊಟಕ್ಕೆ ಕೂರುವುದು ಒಹಾಯೊದವರ ಜೊತೆ, ಮಿಸೌರಿಯವರು ಇಲ್ಲಿ ಬೆರಳೆಣಿಕೆ, ಅವರಿಗೆ ತಮ್ಮದೇ ಮೇಜಿಲ್ಲ, ಯಾರು ಜಾಗ ಕೊಟ್ಟರೋ ಅವರ ಋಣ. ಶುಕ್ರವಾರ ಅಂಗಳದಲ್ಲಿ ಒಹಾಯೊದ ಹಿರಿಯನ ಕಿವಿಯಲ್ಲಿ ಎಮೆಟ್ ಏನೋ ಹೇಳಿದ್ದನ್ನು ನಾನು ನೋಡಿದೆ, ಆತ ಎಮೆಟ್‌ನ ಬೆನ್ನು ತಟ್ಟಿದ, ಯಾವುದಕ್ಕೆ ಶಹಭಾಸ್? ಅದೇ ಸಂಜೆ ಎಮೆಟ್ ಕೇಳಿದ, ಮಲ್ಲಿನ್ಸ್, ಭಾನುವಾರ ಬೆಳಿಗ್ಗೆ ನೀನು ಕೋಣೇಲೇ ಇರ್ತೀಯಾ? ಯಾವತ್ತೂ ಕೇಳದವನು. ಇರ್ತೀನಿ, ಇಲ್ಲದೆ ಇನ್ನೆಲ್ಲಿ ಹೋಗ್ಲಿ, ಪ್ಯಾರಿಸ್ಸಿಗಾ ಅಂದೆ, ಅವನು ನಗಲಿಲ್ಲ, ಆಯ್ತು ಬಿಡು ಅಂದ, ಆ ಆಯ್ತು ಬಿಡುವನ್ನೇ ಎರಡು ದಿನದಿಂದ ತಿರುವಿ ಹಾಕುತ್ತಿದ್ದೇನೆ, ನಾನು ಇರಬೇಕಿತ್ತೇ, ಇರಬಾರದಿತ್ತೇ. ಆಮೇಲೆ ಪತ್ರಿಕೆಗಳು. ನಿನ್ನೆ ನನ್ನ ಸಾಬೂನು ಉರುಳಿ ಅವನ ಮಂಚದಡಿ ಹೋಯಿತು, ಬಗ್ಗಿ ತೆಗೆಯುವಾಗ ಹಾಸಿಗೆಯ ಕೆಳಗೆ ಕೈಗೆ ಗಟ್ಟಿಯಾಗಿ ತಗುಲಿತು, ದಪ್ಪ ದಪ್ಪ ಮಾಸಪತ್ರಿಕೆಗಳು, ಸಾಲಾಗಿ ಜೋಡಿಸಿಟ್ಟದ್ದು, ಅಂಗಿಯೊಳಗೆ ಹೊಟ್ಟೆಗೂ ಬೆನ್ನಿಗೂ ಅಂಥದ್ದನ್ನು ಕಟ್ಟಿಕೊಂಡರೆ ಚೂಪಾದದ್ದು ಒಳಗೆ ಇಳಿಯುವುದಿಲ್ಲ ಎಂದು ಇಲ್ಲಿ ಮೊದಲ ವಾರವೇ ಕಲಿಸಿಕೊಡುತ್ತಾರೆ. ಕೈ ಹಿಂದಕ್ಕೆ ತೆಗೆದುಕೊಂಡೆ, ಇನ್ನೊಬ್ಬನ ಹಾಸಿಗೆಯ ಕೆಳಗೆ ಕೈ ಹಾಕಿದವನ ಕಥೆ ಬೇರೆ, ಸಾಬೂನನ್ನು ಒರೆಸಿಕೊಂಡು ಸುಮ್ಮನಾದೆ. ಈಗ ಅವನು ಎದ್ದು ನಿಂತಿದ್ದಾನೆ, ಸಿಂಕಿನ ಮೇಲಿನ ಕನ್ನಡಿ ನೋಡುತ್ತಿದ್ದಾನೆ, ನಾನು ರೆಪ್ಪೆಯ ಸಂದಿಯಿಂದ ಅವನನ್ನು, ಮುಖ ಜಿಡ್ಡು ಬಳಿದ ಹಾಗೆ ಮಿರುಗುತ್ತಿದೆ, ವ್ಯಾಸಲಿನ್, ಮುಷ್ಟಿ ಬಿದ್ದರೆ ಜಾರಿಹೋಗಲಿ ಎಂದು ಹಚ್ಚಿಕೊಳ್ಳುತ್ತಾರೆ, ಅರವತ್ತು ದಾಟಿದವನು, ಮಾತಾಡದವನು, ನನ್ನ ಜ್ವರಕ್ಕೆ ಬಿಸಿನೀರು ತಂದುಕೊಟ್ಟವನು, ಯಾರ ಋಣ ತೀರಿಸಲು ಹೊರಟಿದ್ದೀಯ ಮುದುಕಾ? ಕೆಳಗೆ, ಅವನ ಬೂಟಿನ ಮೂತಿಯ ಮೇಲೆ, ನಮ್ಮ ಕಿಟಕಿಯ ಉದ್ದನೆಯ ಬೆಳಕಿನ ಗೀರು ಬಿದ್ದಿದೆ, ಬಿಳಿಯ, ಚಾಕುವಿನಂಥ ಗೀರು, ಅದರಡಿಯಲ್ಲಿ ಉಕ್ಕು ಇದೆ, ಈ ಬೂಟುಗಳ ಮೂತಿಯೊಳಗೆ ಉಕ್ಕಿನ ತಗಡು, ಒಂದು ಒದೆತಕ್ಕೆ ಪಕ್ಕೆಲುಬು ಮುರಿಯುತ್ತದೆ.

ಬಾಗಿಲು ತೆರೆದುಕೊಂಡಿತು, ಕಟಕಟಕಟ ಎಂದು ಸಾಲಿಗೆ ಸಾಲೇ, ಎಮೆಟ್ ಹೊರಗೆ ಹೋಗಲಿಲ್ಲ, ಕಾಫಿಗೂ ಹೋಗಲಿಲ್ಲ, ತನ್ನ ಮಂಚದ ಅಂಚಿನಲ್ಲಿ ಮಂಡಿಯ ಮೇಲೆ ಕೈ ಇಟ್ಟು ಕೂತ, ಏನನ್ನು ಕಾಯುತ್ತಿದ್ದಾನೆ, ಯಾರ ಸನ್ನೆಯನ್ನು? ನಾನು ಏನಾದರೂ ಕೇಳಬಹುದು, ಏನ್ ಎಮೆಟ್, ಬೆಳಿಗ್ಗೇನೇ ರೆಡಿ ಆಗ್ಬಿಟ್ಟಿದ್ದೀಯ, ಅಷ್ಟೇ, ನಗುತ್ತಾ. ಕೇಳಿದರೆ ಅವನು ನನ್ನ ಕಾಲು ನೋಡುತ್ತಾನೆ, ನೀನ್ಯಾಕೆ ಅನ್ನುತ್ತಾನೆ, ಮಗಳು ಬರ್ತಾಳೆ ಅನ್ನಬೇಕಾಗುತ್ತದೆ, ಅದನ್ನು ಮಾತ್ರ ಬಾಯಿ ಬಿಟ್ಟು ಹೇಳುವ ಹಾಗಿಲ್ಲ, ಇಲ್ಲಿ ಯಾರೂ ಹೇಳುವುದಿಲ್ಲ, ಧ್ವನಿವರ್ಧಕ ಹೆಸರು ಕೂಗಬೇಕು, ಆಮೇಲೆ ಬೂಟು ಕಟ್ಟಬೇಕು, ಅದು ಕ್ರಮ. ಹಂಟ್ಲಿಯ ಗತಿ ನೋಡಿದವರು ನಾವು. ಹೆಂಡತಿ ಬರುತ್ತಾಳೆ ಎಂದು ವಾರವಿಡೀ ಬ್ಲಾಕಿಗೆಲ್ಲ ಸಾರಿ, ಕ್ಷೌರ ಮಾಡಿಸಿಕೊಂಡು, ಖಾಕಿ ಅಂಗಿಗೆ ಇಸ್ತ್ರಿಯ ಗೆರೆ ಮೂಡಿಸಿ, ಬೂಟು ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತ, ಮಧ್ಯಾಹ್ನದವರೆಗೂ ಕೂತ, ಮುಂದಿನ ಭಾನುವಾರವೂ ಕೂತ, ಮೂರನೆಯ ವಾರ ಯಾರೋ ಹೋಗುತ್ತಾ, ಏನಪ್ಪಾ ಮದುವಣಿಗ, ದಿಬ್ಬಣ ಇನ್ನೂ ಬರ್ಲಿಲ್ವಾ ಅಂದರು, ಅಲ್ಲಿಗೆ ಹಂಟ್ಲಿ ಎನ್ನುವ ಹೆಸರು ಸತ್ತುಹೋಯಿತು, ಊಟದ ಸಾಲಿನಲ್ಲಿ ಮದುವಣಿಗ, ಸ್ನಾನದ ಸಾಲಿನಲ್ಲಿ ಮದುವಣಿಗ, ಬೇರೆ ಜೈಲಿಗೆ ವರ್ಗವಾಗಿ ಹೋದ, ಆ ಹೆಸರು ಅವನಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತಂತೆ. ಹಾಗಾಗಿ ನಾನು ಡೂಲಿಗೂ ಹೇಳಿಲ್ಲ, ಪಾದ್ರಿಗೂ ಹೇಳಿಲ್ಲ. ಕ್ರಮದ ಪ್ರಕಾರ ಕಾಯಬಹುದಿತ್ತು, ಕೂಗಿದ ಮೇಲೆ ಕಟ್ಟಬಹುದಿತ್ತು, ಆದರೆ ಕೈಬೆರಳು ಮೊದಲಿನ ಹಾಗಿಲ್ಲ, ಗಂಟು ಹಾಕಲು ಹೊತ್ತು ಹಿಡಿಯುತ್ತದೆ, ಆ ಹೊತ್ತು ಅವಳದು, ಮಗುವಿನದು, ಮಗುವಿಗೆ ಭೇಟಿ ಕೋಣೆಯ ಯಂತ್ರದಿಂದ ಸೋಡಾ ತೆಗೆಸಿಕೊಡಬೇಕು, ನನ್ನ ಮೊಣಕಾಲ ಮೇಲೆ ಕೂರುತ್ತದೋ ಇಲ್ಲವೋ, ಕೂರದಿದ್ದರೆ ಬಲವಂತ ಮಾಡಬಾರದು. ಕಂಬಳಿ ಸರಿಸಿದೆ, ಏಣಿಯಿಂದ ಇಳಿದೆ, ಬೂಟು ಸಿಮೆಂಟಿಗೆ ತಾಗಿ ಟಕ್ ಅಂದಿತು, ಎಮೆಟ್ ತಲೆ ಎತ್ತಲಿಲ್ಲ, ಕಣ್ಣು ಮಾತ್ರ ನನ್ನ ಕಾಲಿಗೆ ಹೋಗಿ, ಅಲ್ಲಿ ಒಂದು ಕ್ಷಣ ನಿಂತು, ಗೋಡೆಗೆ ಹೋಯಿತು. ಆಶ್ಚರ್ಯವಿಲ್ಲ ಆ ಕಣ್ಣಿನಲ್ಲಿ. ಅವನಿಗೆ ಮೊದಲೇ ಗೊತ್ತಿದ್ದ ಹಾಗಿತ್ತು, ಏನು ಗೊತ್ತಿತ್ತು, ಹೇಗೆ ಗೊತ್ತಿತ್ತು, ಅವನ ಬಲಗೈ ಮಂಡಿಯ ಮೇಲೆ ಮುಷ್ಟಿಯಾಯಿತು, ಬೂಟಿನ ಮೂತಿಯ ಮೇಲಿನ ಆ ಬಿಳಿ ಗೀರು ಸ್ವಲ್ಪ ಅಲುಗಿತು, ನಾನು ಬೆನ್ನು ತೋರಿಸದೆ ಹೊರಗೆ ಬಂದೆ.

ಹೇಳಬೇಕೇ, ಬೇಡವೇ, ಮೆಟ್ಟಿಲಿನುದ್ದಕ್ಕೂ ಅದೇ, ಹೇಳದೆ ಬಿಟ್ಟು ಎಮೆಟ್ ಡೂಲಿಯ ಮೇಲೆ ಬಿದ್ದರೆ ನಾಳೆ ನಮ್ಮ ಮೇಜಿನವರು ಸುತ್ತ ನಿಂತು ಕೇಳುತ್ತಾರೆ, ಅವನ ನೆತ್ತಿ ಮೇಲೆ ಮಲಗೋನು ನೀನು, ನಿಂಗೆ ಗೊತ್ತಾಗ್ಲಿಲ್ವಾ ಅಂತ. ಗಾರ್ಡಿಗೆ ಹೇಳುವುದು ಕನಸಿನಲ್ಲೂ ಇಲ್ಲ. ಡೂಲಿಗೆ ಹೇಳಿದರೆ ಅವನು ಒಹಾಯೊದ ಹಿರಿಯನನ್ನು ಪಕ್ಕಕ್ಕೆ ಕರೆದು ಎರಡು ಮಾತಾಡುತ್ತಾನೆ, ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ, ಹಿಂದೆಯೂ ಹಾಗೇ ಮುಗಿಸಿದ್ದಾನೆ, ನಾನು ಹೇಳುವುದು ಜಗಳ ನಿಲ್ಲಲಿ ಎಂದು, ಬಾಗಿಲುಗಳು ತೆರೆದೇ ಇರಲಿ ಎಂದು, ಅವಳು ಬರುವವರೆಗೆ ಅಷ್ಟೇ. ಡೂಲಿ ಮೈಕ್ರೋವೇವ್ ಹತ್ತಿರ ಲೋಟ ತಿರುಗುವುದನ್ನೇ ನೋಡುತ್ತಿದ್ದ, ದೊಡ್ಡ ಬೆನ್ನು, ಕಾಲಲ್ಲಿ ನೀಲಿ ಚಪ್ಪಲಿ, ಹೆಬ್ಬೆರಳಿಗೆ ಬ್ಯಾಂಡೇಜು, ಏನಪ್ಪಾ ಮಲ್ಲಿನ್ಸ್, ಮುಖ ನೋಡಿದ್ರೆ ಜೋಳದ ಗಂಜಿ ನಿನ್ನೇ ತಿಂದಂಗಿದೆ ಅಂದ. ನಾನು ಮೈಕ್ರೋವೇವಿನ ಸದ್ದಿನ ಮರೆಯಲ್ಲಿ ಹೇಳಿದೆ, ನನ್ನ ಕೋಣೆಯವನು ಬೂಟು ಕಟ್ಟಿ ಕೂತಿದ್ದಾನೆ, ಮುಖಕ್ಕೆ ಜಿಡ್ಡು, ಹಾಸಿಗೆಯ ಕೆಳಗೆ ಪತ್ರಿಕೆಗಳು, ಶುಕ್ರವಾರ ಬೆನ್ನು ತಟ್ಟಿದ್ದು, ಎಲ್ಲ. ಡೂಲಿ ಲೋಟದಿಂದ ಕಣ್ಣು ಕೀಳಲಿಲ್ಲ, ಅಯ್ಯೋ ಮುದುಕನ ಕಾಲು ತಣ್ಣಗಾಗಿರ್ಬೇಕು ಬಿಡೋ, ಎಮೆಟ್ ಯಾರಿಗೆ ಹೊಡೀತಾನೆ, ಹೊಡೆದ ಮೇಲೆ ಉಸಿರು ಹಿಡ್ಕೊಳ್ಳೋಕೆ ಅವನಿಗೇ ಇಬ್ಬರು ಬೇಕು ಅಂದ, ನನ್ನ ಎದೆ ಹಗುರಾಯಿತು, ಹೌದಲ್ಲ, ಹೌದು ಎಂದುಕೊಂಡೆ, ಮೈಕ್ರೋವೇವ್ ಟಿಂಗ್ ಎಂದಿತು, ಲೋಟ ತೆಗೆಯಲು ಬಗ್ಗಿದ ಡೂಲಿ ಬಗ್ಗಿದಲ್ಲೇ ನಿಂತ. ನನ್ನ ಕಾಲು ನೋಡುತ್ತಿದ್ದ.

ನೀನೂ ಕಟ್ಕೊಂಡಿದ್ದೀಯ, ಅಂದ.

ಭೇಟಿ ಇದೆ ಅನ್ನಬಹುದಿತ್ತು, ಎರಡು ಮಾತು, ಬಾಯೊಳಗೆ ಬಂದೇ ಬಂತು, ನಾಲಿಗೆಯ ಮೇಲೆ ಕೂತಿತು, ಅದರ ಹಿಂದೆಯೇ ಮೆಟ್ಟಿಲ ಮೇಲೆ ಕೂತ ಹಂಟ್ಲಿ ಕಾಣಿಸಿದ, ಅವಳು ಬರದೆ ಹೋದರೆ, ದಾರಿಯಲ್ಲಿ ಮನಸ್ಸು ಬದಲಾಯಿಸಿ ಗಾಡಿ ತಿರುಗಿಸಿದ್ದರೆ, ರಾಬಿ ಮನೆಗೆ ಬೇಗ ಬಂದಿದ್ದರೆ, ಹೆಸರು ಕೂಗುವ ಮೊದಲು ಹೇಳಿದವನ ಮನೆಯವರು ಯಾವತ್ತೂ ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವುದು. ಡೂಲಿ ನೆಟ್ಟಗಾದ. ಅಷ್ಟು ಗಟ್ಟೀನಾ ವಿಷ್ಯ, ಅಂದ. ನನ್ನ ತಲೆ ಅಲುಗಿತು, ನಾನು ಅಲುಗಿಸಲಿಲ್ಲ, ಅದಾಗಿಯೇ ಹೌದು ಎಂದು ಅಲುಗಿತು, ಇಲ್ಲ ಎಂದು ಅಲುಗಿಸುವುದೂ ಅಷ್ಟೇ ಸುಲಭವಿತ್ತಲ್ಲ. ಅವನು ಕಾಫಿಯನ್ನು ಕುಡಿಯದೆ ಸಿಂಕಿಗೆ ಚೆಲ್ಲಿದ. ಒಹಾಯೊದವನನ್ನು ಮಾತಾಡ್ಸು ಡೂಲಿ, ಸುಮ್ನೆ ಮಾತಾಡ್ಸು ಅಂದೆ, ಮಾತಾಡ್ತೀನಿ ಕಣೋ, ಚಪ್ಪಲೀಲಿ ಹೋಗಿ ಮಾತಾಡೋಕಾಗುತ್ತಾ, ಅಂದು ಅವನು ತನ್ನ ಕೋಣೆಯ ಕಡೆ ನಡೆದ, ಓಡಲಿಲ್ಲ, ಓಡಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು, ನಡೆದದ್ದರಿಂದ ಇನ್ನೂ ಬೇಗ ಗೊತ್ತಾಯಿತು. ಅವನ ಬಾಗಿಲಿನಿಂದ ಸರ್ರ್. ಪಕ್ಕದ ಬಾಗಿಲಿನಿಂದ ಸರ್ರ್. ಇಸ್ಪೀಟು ಆಡುತ್ತಿದ್ದವರು ಎಲೆಗಳನ್ನು ಕವುಚಿಟ್ಟು ಎದ್ದರು, ಟೀವಿ ಕೋಣೆಯಿಂದ ಒಬ್ಬೊಬ್ಬರೇ ಹೊರಬಂದರು, ಟೀವಿ ಯಾರಿಗೂ ಇಲ್ಲದೆ ಮಾತಾಡುತ್ತಿತ್ತು, ಆಚೆ ಬದಿಯ ಒಹಾಯೊದವರು ಈಚೆಯವರನ್ನು ನೋಡಿ ತಾವೂ ಬಗ್ಗಿದರು, ಮೇಲಿನ ಸಾಲು, ಕೆಳಗಿನ ಸಾಲು, ಸರ್ರ್ ಸರ್ರ್ ಎಂದು ಇಡೀ ಕಟ್ಟಡದಲ್ಲಿ ಅದೊಂದೇ ಸದ್ದು, ಚಪ್ ಚಪ್ ಎನ್ನುವುದು ನಿಂತೇ ಹೋಯಿತು, ಬೆಳಗಿನ ಬ್ಲಾಕಿನಲ್ಲಿ ಚಪ್ಪಲಿಯ ಸದ್ದು ನಿಲ್ಲುವುದೆಂದರೆ ಕಾಡಿನಲ್ಲಿ ಹಕ್ಕಿಗಳು ಸುಮ್ಮನಾದ ಹಾಗೆ. ಗಾರ್ಡ್ ಪೆಟ್ರಿಕ್ ತನ್ನ ಮೇಜಿನಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದ, ಸುಲಿಯುವುದನ್ನು ನಿಲ್ಲಿಸಿದ, ನಮ್ಮ ಮುಖಗಳನ್ನು ನೋಡಲಿಲ್ಲ, ಬೂಟಿನ ಅರ್ಥ ಗಾರ್ಡುಗಳಿಗೂ ಗೊತ್ತು, ಸೀದಾ ನಮ್ಮ ಕಾಲುಗಳನ್ನು ನೋಡಿದ, ಒಂದು ಜೊತೆ, ಇನ್ನೊಂದು ಜೊತೆ, ಕೈ ಸೊಂಟದ ವಾಕಿಟಾಕಿಗೆ ಹೋಯಿತು, ಅಪಾಯದ ಕೆಂಪು ಗುಂಡಿ ಒತ್ತಿದ. ನಾನು ಕೂಗಬೇಕೆಂದಿದ್ದೆ, ಪೆಟ್ರಿಕ್, ಏನೂ ಇಲ್ಲ, ನನ್ನ ಮಗಳು ಬರ್ತಿದ್ದಾಳೆ ಅಷ್ಟೇ, ಅಷ್ಟರಲ್ಲಿ ಹೊರಗಿನ ಬಾಗಿಲಿನಿಂದ ಬೂಟುಗಳು ನುಗ್ಗಿದವು, ಗಾರ್ಡುಗಳ ಬೂಟುಗಳು, ಒಳಗೆ ಒಳಗೆ ಎಲ್ಲರೂ ಒಳಗೆ, ಯಾರೂ ಯಾರನ್ನೂ ಹೊಡೆಯಲಿಲ್ಲ, ಒಂದು ಏಟೂ ಬೀಳಲಿಲ್ಲ, ಬಾಗಿಲುಗಳು ಬಿದ್ದವು, ಕಟಕಟಕಟ ಎಂದು ಸಾಲಿಗೆ ಸಾಲೇ.

ಎಮೆಟ್ ಕೂತಲ್ಲೇ ಕೂತಿದ್ದಾನೆ. ನಾನು ಬಾಗಿಲಿಗೆ ಬೆನ್ನು ಒತ್ತಿ ನಿಂತಿದ್ದೇನೆ, ಈಗ ಇಬ್ಬರೇ, ಬೀಗದೊಳಗೆ, ಹೊಡೆಯುವುದಿದ್ದರೆ ಈಗ ಹೊಡೆಯಲಿ, ಆಗ ಧ್ವನಿವರ್ಧಕ ಗೊರಗೊರ ಎಂದಿತು, ಮುಂದಿನ ಗೇಟಿನ ಹೆಂಗಸು, ಒಳಗೆ ಏನಾಗಿದೆ ಎಂದು ಅವಳಿಗೆ ಇನ್ನೂ ಮುಟ್ಟಿಲ್ಲ, ಪ್ರತಿ ಭಾನುವಾರದ ಅದೇ ನಿದ್ದೆಗಣ್ಣಿನ ದನಿ, ಗೋಫ್, ಎಮೆಟ್ ಗೋಫ್, ಭೇಟಿ. ಮಲ್ಲಿನ್ಸ್, ಕ್ಲೈಡ್ ಮಲ್ಲಿನ್ಸ್, ಭೇಟಿ. ಎಷ್ಟೋ ಬಾಗಿಲುಗಳ ಹಿಂದೆ ಎಷ್ಟೋ ಜನ ಬೂಟು ಕಟ್ಟಿಕೊಂಡು ಕೇಳಿಸಿಕೊಂಡರು, ಆಮೇಲೆ ಯಾರೋ, ಕೆಳಗಿನ ಸಾಲಿನಿಂದ, ಲೋ, ಇಬ್ಬರು ಮದುವಣಿಗರು ಕಣ್ರೋ ಅಂದ, ಯಾರೂ ನಗಲಿಲ್ಲ, ಮತ್ತೆ ಗೊರಗೊರ, ಈಗ ಗಂಡಸಿನ ದನಿ, ಇವತ್ತಿನ ಭೇಟಿಗಳೆಲ್ಲ ರದ್ದು. ಎಮೆಟ್‌ನ ಖಾಕಿ ಅಂಗಿಯ ಎರಡೂ ತೋಳಿಗೆ ಗೆರೆ, ಬ್ಲೇಡಿನಂಥ ಗೆರೆ, ಇಸ್ತ್ರಿಯಾಗಲಿ ಎಂದು ಪತ್ರಿಕೆಗಳ ನಡುವೆ ಇಟ್ಟು ಹಾಸಿಗೆಯ ಕೆಳಗೆ ಮಲಗಿಸಿದ ಅಂಗಿ, ಮುಖದಲ್ಲಿ ಕ್ಷೌರದ ಗಾಯ, ಮೇಲೆ ಹಚ್ಚಿದ ಎಣ್ಣೆ, ಎಲ್ಲವೂ ಬೆಳಗಿನಿಂದ ಅಲ್ಲೇ ಇತ್ತು, ನಾನು ಅದನ್ನೆಲ್ಲ ನೋಡಿದ್ದೆ. ನಿಂಗೆ ಯಾರು ಬಂದಿದ್ರು, ಕೇಳಿದ. ಮಗಳು, ಅಂದೆ, ಮೊಮ್ಮಗು. ಅವನು ತಲೆಯಾಡಿಸಿದ. ನಂಗೆ ನನ್ನ ತಂಗಿ, ಅಂದ, ಅವಳಿಗೆ ಕಣ್ಣು ಕಾಣ್ಸಲ್ಲ ಈಗ, ಚರ್ಚಿನವರ ಬಸ್ಸಲ್ಲಿ ಯಾರೋ ಕೂರಿಸ್ಕೊಂಡು ಬಂದಿದ್ರು, ಮತ್ತೆ ಆ ಬಸ್ಸು ಈ ಕಡೆ ಬರಲ್ಲ. ಒಹಾಯೊದ ಹಿರಿಯನಿಗೆ ಮಾತ್ರ ಹೇಳಿದ್ದನಂತೆ, ತಂಗಿ ಬರ್ತಾಳೆ, ಊಟಕ್ಕೆ ಬರಲ್ಲ ಎಂದು, ನನ್ನನ್ನು ಕೇಳಿದ್ದು ಕನ್ನಡಿಗಾಗಿ, ನಾನು ಕೋಣೆಯಲ್ಲಿದ್ದರೆ ಕ್ಷೌರ ಮಾಡಿಕೊಳ್ಳಲು ನಾಚಿಕೆಯಾಗುತ್ತಿತ್ತಂತೆ, ಅದಕ್ಕೇ ರಾತ್ರಿ ನಾನು ಮಲಗಿದ ಮೇಲೆ ಕತ್ತಲಲ್ಲೇ ಮುಗಿಸಿದನಂತೆ. ಹೆಸರು ಕೂಗಲಿ ಅಂತಾನೇ ಇದ್ದೆ ಮಲ್ಲಿನ್ಸ್, ಅಂದ, ಕೂಗಿದ ಮೇಲೆ ಕಟ್ಕೊಳ್ಳೋಣ ಅಂತ. ಬೆಳಿಗ್ಗೆ ಎದ್ದು ನಿಂತ್ರೆ ಮೇಲೆ ನಿನ್ನ ಕಂಬಳಿ ಸರಿದು ಬೂಟು ಕಾಣಿಸ್ತು. ಬೂಟು ಹಾಕ್ಕೊಂಡು ಮಲಗಿದ್ದೀಯ. ಇವನು ಯಾರನ್ನೋ ಕಾಯ್ತಿದ್ದಾನೆ, ಒಹಾಯೊದವರ ಜೊತೆ ಉಣ್ಣೋನು ನಾನೊಬ್ಬನೇ ಅಲ್ವಾ ಈ ಕೋಣೇಲಿ, ಅನ್ನಿಸ್ತು. ಅದಕ್ಕೇ ನಾನೂ ಕಟ್ಕೊಂಡೆ.

ಅದಕ್ಕೇ ನಾನೂ ಕಟ್ಕೊಂಡೆ, ಅಂದರೆ ಮೊದಲ ಸರ್ರ್ ಅವನದಲ್ಲ, ಕತ್ತಲಲ್ಲಿ ಉಸಿರು ಬಿಗಿಹಿಡಿದು ಎಳೆದದ್ದು ನನ್ನದು, ಕಿಟಕಿಯ ಸಂದಿಯಲ್ಲಿ ಬೇಲಿ ಕಾಣುತ್ತದೆ, ಗಾಡಿ ನಿಲ್ಲಿಸುವ ಜಾಗ ಕಾಣುವುದಿಲ್ಲ, ಆ ಬದಿಯ ಕೋಣೆ ಕೇಳಬೇಕಿತ್ತು, ಈಗ ಅವಳು ಮಗುವನ್ನು ಸೀಟಿಗೆ ಕಟ್ಟುತ್ತಿರಬಹುದು, ತಾತ ಎಲ್ಲಿ ಎಂದು ಅದು ಕೇಳಿದರೆ, ಕೇಳಲಿಕ್ಕಿಲ್ಲ, ಅದಕ್ಕೆ ಆ ಮಾತು ಯಾರು ಕಲಿಸಿರುತ್ತಾರೆ, ನಾಳೆ ಡೂಲಿ ಬಂದು ನಿಲ್ಲುತ್ತಾನೆ, ಭೇಟಿ ಅಂತ ಯಾಕೋ ಹೇಳ್ಲಿಲ್ಲ, ಯಾಕೆ ಹೇಳಲಿಲ್ಲ, ನಾನು ಎಮೆಟ್‌ನ ಮುಖ ನೋಡಲಾರೆ, ಕೆಳಗೆ ನೋಡುತ್ತೇನೆ, ಎರಡು ಜೊತೆ ಬೂಟು, ನನ್ನವಕ್ಕೆ ನಿನ್ನೆ ಒಗೆಯುವ ಕೋಣೆಯಲ್ಲಿ ಕಾಲುಚೀಲ ಕೈಗೆ ತೊಟ್ಟು ಉಜ್ಜಿದ ಹೊಳಪು, ಅವನವಕ್ಕೆ ಅದಕ್ಕಿಂತ ಹೆಚ್ಚು, ಕಪ್ಪು, ನೀರಿನ ಹಾಗೆ, ಹೊಡೆಯಲು ಹೋಗುವವನು ಬೂಟಿಗೆ ಪಾಲಿಶ್ ಹಚ್ಚುತ್ತಾನೆಯೇ, ಕಣ್ಣು ಕಾಣದ ತಂಗಿಗಾಗಿ ಇಷ್ಟು ಹೊಳಪು, ನಾನು ಬೆಳಗಿನಿಂದ ಅದನ್ನೇ ನೋಡುತ್ತಿದ್ದೆ, ಉಕ್ಕನ್ನು ನೋಡಿದೆ, ಚಾಕುವನ್ನು ನೋಡಿದೆ, ಅವನ ಬೂಟಿನ ಮೂತಿಯ ಮೇಲೆ ಕಿಟಕಿಯ ಬೆಳಕು, ಬಿಳಿಯ ಗೀರು, ಅಲುಗದ ಆ ಗೀರು —